ಕಡಲಹೂವು ತನ್ನ ಜಾಗ ತಾನೇ ಹುಡುಕಿಕೊಂಡದ್ದು

ನನ್ನಿಂದ ಆಗದು ಎಂದು ಮೊದಲು ಹೇಳಿದವರು ಡೆನ್ಜಿಲ್. ಮಂಗಳೂರಿನಲ್ಲಿ ಸಾಕುಮೀನಿನ ಅಂಗಡಿ ಇಟ್ಟವರು. "ವಾರಿಜಕ್ಕ, ಇದು ಬಂಗುಡೆ ಅಲ್ಲ, ಐಸ್ ಹಾಕಿ ಬುಟ್ಟಿಯಲ್ಲಿ ಇಟ್ಟರೆ ಸುಮ್ಮನೆ ಇರಲಿಕ್ಕೆ. ಉಪ್ಪುನೀರಿನ ತೊಟ್ಟಿ, ಹವಳ, ಕಡಲಹೂವು, ಅದೆಲ್ಲ ಓದಿದವರ ಹುಚ್ಚು. ನಿಮ್ಮಿಂದ ಆಗುದಿಲ್ಲ."

ಆಮೇಲೆ ಹೇಳಿದವಳು ನನ್ನ ತಂಗಿ ಸುಮತಿ. "ಆಯುಷ್ಯವಿಡೀ ಸತ್ತ ಮೀನು ಮಾರಿದವಳು ಈಗ ಬದುಕಿದ ಮೀನು ಸಾಕುತ್ತಾಳಂತೆ! ಬೆಕ್ಕನ್ನು ಹಾಲಿಗೆ ಕಾವಲು ಕೂರಿಸಿದ ಹಾಗೆ."

ಅವರ ಮೇಲೆ ನನಗೆ ಸಿಟ್ಟಿಲ್ಲ. ಆಗುವುದಿಲ್ಲ ಎಂದು ಯಾರಾದರೂ ಹೇಳದೆ ನಾನು ಯಾವ ಕೆಲಸವನ್ನೂ ಶುರು ಮಾಡಿದವಳಲ್ಲ. ಬಸ್ಸಿನ ಬೋರ್ಡು ನೋಡಿ ನೋಡಿ ಅಕ್ಷರ ಕಲಿತೆ. ಮೀನು ಸುತ್ತುವ ಪೇಪರಿನಲ್ಲಿ ವಾಕ್ಯ ಕಲಿತೆ. ತೊಟ್ಟಿಯ ವಿಷಯವನ್ನೂ ಹಾಗೆಯೇ, ಸಾಲಿನ ಕೆಳಗೆ ಬೆರಳಿಟ್ಟು ಓದಿ ಕಲಿತೆ. ಚಾವಡಿಗೂ ಅಡುಗೆಮನೆಗೂ ನಡುವಿನ ಗೋಡೆ ಒಡೆಸಿ, ಅಲ್ಲಿ ಗಾಜಿನ ತೊಟ್ಟಿ ಕೂರಿಸಿದೆ. ನೀರು ಹದವಾಗಲಿ, ಬಂಡೆಗೆ ಜೀವ ಹತ್ತಲಿ ಎಂದು ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲದವರೆಗೆ ಕಾದೆ. ಹವಳದ ಪುಟ್ಟ ತುಂಡುಗಳು ಬಂಡೆಗೆ ಹತ್ತಿಕೊಂಡವು. ಬಿಳಿ ಪಟ್ಟಿಯ ಎರಡು ಕಿತ್ತಳೆ ಮೀನು ಬಂದವು.

ಮೊನ್ನೆ ಭಾನುವಾರ ಡೆನ್ಜಿಲ್ ತಾವೇ ಮಲ್ಪೆಗೆ ಬಂದರು. ಅವರ ತೊಟ್ಟಿಯಲ್ಲಿದ್ದ ದೊಡ್ಡ ಕಡಲಹೂವು ಒಡೆದು ಎರಡಾಗಿತ್ತಂತೆ. ಅದರಲ್ಲಿ ಒಂದನ್ನು ನೀರು ತುಂಬಿದ ಚೀಲದಲ್ಲಿಟ್ಟು, ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಡಿಲಲ್ಲಿ ಹಿಡಿದು ತಂದಿದ್ದರು. ಊಟದ ಬಟ್ಟಲಿನಷ್ಟು ಅಗಲ. ನೂರಾರು ಬೆರಳು ಅಲ್ಲಾಡಿಸುತ್ತಿತ್ತು. ಹೂವು ಅನ್ನುತ್ತೇವೆ, ಆದರೆ ಅದು ಪ್ರಾಣಿ. ನಡುವೆ ಬಾಯಿ, ಅಡಿಯಲ್ಲಿ ಒಂದೇ ಒಂದು ಪಾದ.

"ಆಗುದಿಲ್ಲ ಅಂದಿದ್ದೆ," ಎಂದರು ಡೆನ್ಜಿಲ್. "ಹೋದ ಸಲ ಬಂದು ನಿಮ್ಮ ನೀರು ನೋಡಿದ ಮೇಲೆ ಮನಸ್ಸು ಕೇಳಲಿಲ್ಲ."

ನಾನು ಚೀಲವನ್ನು ಎರಡು ಕೈಯಲ್ಲಿ ತೆಗೆದುಕೊಂಡೆ.

ನನ್ನ ಮೊಮ್ಮಗಳು ಪ್ರಾಪ್ತಿ, ಎರಡನೇ ಕ್ಲಾಸು, ಫೋನಿನಲ್ಲಿ ಸುದ್ದಿ ಬಂದಾಗಲೇ ಹೂವಿಗೆ ನನ್ನಿಂದ ಆಸನ ಮಾಡಿಸಿದ್ದಳು. ತೊಟ್ಟಿಯ ನಟ್ಟನಡುವೆ, ಚಾವಡಿಯಲ್ಲಿ ಕೂತವರಿಗೆ ಎದುರಾಗಿ, ಒಂದು ಚಪ್ಪಟೆ ಬಿಳಿ ಕಲ್ಲು. ಸುತ್ತಲೂ ಮದುಮಗಳ ಮಂಟಪದ ಹಾಗೆ ಚಿಪ್ಪುಗಳ ಸಾಲು.

ನಾನು ತೊಟ್ಟಿಯ ನೀರನ್ನು ಸಣ್ಣ ಕೊಳವೆಯಲ್ಲಿ ಚೀಲಕ್ಕೆ ತೊಟ್ಟು ತೊಟ್ಟಾಗಿ ಬಿಡತೊಡಗಿದೆ. ಪ್ರಾಪ್ತಿಗೆ ತಾಳ್ಮೆ ಎಲ್ಲಿ?

"ಒಮ್ಮೆಲೇ ಒಳಗೆ ಹಾಕುವ, ಅಜ್ಜಿ!"

"ಮನೆಗೆ ಬಂದವರಿಗೆ ನಾವು ಮೊದಲು ಎಂತ ಕೊಡುದು?"

"ನೀರು, ಬೆಲ್ಲ."

"ಇವಳಿಗೆ ಬೆಲ್ಲ ಬೇಡ. ನಮ್ಮ ನೀರು ಅವಳ ಮೈಗೆ ಹಿಡಿಯಲಿ. ಮತ್ತೆ ಒಳಗೆ ಕರೆಯುವ."

ನೀರು ಹಿಡಿಯಿತು. ನೀರು ಓಡಿಸುವ ಮೋಟರ್ ನಿಲ್ಲಿಸಿ, ಹೂವನ್ನು ಮೆಲ್ಲಗೆ ಬಿಳಿ ಕಲ್ಲಿನ ಮೇಲೆ ಇಟ್ಟೆ. ಪ್ರಾಪ್ತಿ ಚಪ್ಪಾಳೆ ತಟ್ಟಿದಳು. ಡೆನ್ಜಿಲರಿಗೆ ಚಹಾ ಕೊಟ್ಟು ತಿರುಗಿ ನೋಡುವಷ್ಟರಲ್ಲಿ ಹೂವು ಆಸನ ಬಿಟ್ಟು ಇಳಿದಿತ್ತು. ಒಂದೇ ಪಾದವನ್ನು ಎಳೆಯುತ್ತ, ಚಿಪ್ಪಿನ ಸಾಲು ದಾಟಿ, ಗಾಜು ಹತ್ತಿ, ನೇರ ಮೋಟರಿನ ಕಡೆಗೆ ಹೊರಟಿತ್ತು.

ಡೆನ್ಜಿಲರ ಮುಖ ಸಣ್ಣದಾಯಿತು. ಹೂವು ಮೋಟರಿನ ಬಾಯಿಗೆ ಸಿಕ್ಕಿದರೆ ಚೂರುಚೂರು. ಚೂರಾದ ಹೂವಿನ ವಿಷ ನೀರಿಗೆ ಇಳಿದರೆ ಮೀನು, ಹವಳ, ಒಂದೂ ಉಳಿಯುವುದಿಲ್ಲ. ಮೋಟರಿನ ಬಾಯಿಗೆ ನಾನೇ ನೇಯ್ದ ಸಣ್ಣ ಕಣ್ಣಿನ ಬಲೆ ಕಟ್ಟಿದ್ದೆ, ನಿಜ. ಆದರೆ ಮೋಟರ್ ಮತ್ತೆ ಶುರುವಾದರೆ ಅದು ಸೆಳೆಯುವ ರಭಸಕ್ಕೆ ಇಷ್ಟು ಮೆತ್ತನೆಯ ಮೈ ಬಲೆಗೇ ಅಂಟಿ ಹರಿದೀತು. ಹಾಗೆಂದು ಮೋಟರನ್ನು ನಿಲ್ಲಿಸಿಯೇ ಇಡುವ ಹಾಗೂ ಇಲ್ಲ. ನಿಂತ ನೀರಿನಲ್ಲಿ ಉಳಿದವರಿಗೆ ಉಸಿರು ಕಟ್ಟುತ್ತದೆ.

"ಎಳೆದು ವಾಪಸ್ ಇಡುವ, ಅಜ್ಜಿ!" ಪ್ರಾಪ್ತಿ ತೋಳು ಮೇಲೆ ಮಾಡಿ ಸ್ಟೂಲ್ ಹತ್ತಿದಳು. "ಅಲ್ಲಿ ಅಷ್ಟು ಚಂದದ ಜಾಗ ಉಂಟಲ್ಲ!"

"ಕೈ ಹಾಕಬೇಡ ಮಗಾ," ಎಂದರು ಡೆನ್ಜಿಲ್. "ಎಳೆದರೆ ಪಾದ ಹರಿಯುತ್ತದೆ. ಪಾದ ಹರಿದರೆ ಮುಗೀತು."

"ಹಾಗಾದರೆ ಸುಮ್ಮನೆ ನೋಡುದಾ?" ಮಗುವಿನ ಕೈ ಇನ್ನೂ ನೀರಿನ ಮೇಲೆಯೇ ಇತ್ತು.

"ಸುಮ್ಮನೆ ಅಲ್ಲ," ಎಂದೆ ನಾನು. "ಇಳಿದು ಬಾ. ಕೈ ಮಡಿಲಲ್ಲಿ ಇಟ್ಟುಕೋ. ಅವಳು ಯಾಕೆ ಕೊಟ್ಟ ಜಾಗದಲ್ಲಿ ಕೂರುವುದಿಲ್ಲ ಅಂತ ಹೇಳ್ತೇನೆ."

ಅವಳು ಇಳಿದು ಬಂದಳು. ನಾನು ಹೇಳಿದೆ.

ಆಗ ಲೋಕ ಇನ್ನೂ ಹೊಸದು. ಕಡಲಿಗೆ ಹಾಕಿದ ಉಪ್ಪು ಪೂರ್ತಿ ಕರಗಿರಲಿಲ್ಲ. ದಡ ಎಲ್ಲಿದೆ ಎಂದು ಅಲೆಗಳಿಗೆ ಸರಿಯಾಗಿ ಗೊತ್ತಿರಲಿಲ್ಲ; ಕೆಲವು ಅರ್ಧ ದಾರಿಯಲ್ಲೇ ಮುರಿದು ಬೀಳುತ್ತಿದ್ದವು.

ಕಡಲಮ್ಮ ಮಕ್ಕಳನ್ನೆಲ್ಲ ಕರೆದು, ಬದುಕಲು ಬೇಕಾದ್ದು ಹಂಚಿದಳು. ಕಣ್ಣು ಎಲ್ಲರಿಗೂ ಆಗಲೇ ಇತ್ತು. ಅದರ ಮೇಲೆ ಏಡಿಗೆ ಇಕ್ಕುಳ ಕೊಟ್ಟಳು. ಮರುವಾಯಿಗೆ ತೆರೆದು ಮುಚ್ಚುವ ಚಿಪ್ಪು ಕೊಟ್ಟಳು. ಹವಳಕ್ಕೆ ಕಲ್ಲಿನ ಮೈ ಕೊಟ್ಟಳು. ಮೀನುಗಳಿಗೆ ರೆಕ್ಕೆ ಕೊಟ್ಟಳು. ಎಲ್ಲರೂ ನುಗ್ಗಿದರು, ತಳ್ಳಿದರು, "ನನಗೆ, ನನಗೆ" ಅಂದರು.

ಕಡಲಹೂವು ನುಗ್ಗಲಿಲ್ಲ. ತಳ್ಳಲೂ ಇಲ್ಲ. ಅವಳ ಸರದಿ ಬಂದಾಗ ಕಡಲಮ್ಮನ ಬುಟ್ಟಿ ಖಾಲಿ.

ಕಡಲಮ್ಮ ಬುಟ್ಟಿ ಕೊಡವಿದಳು. "ಒಂದೇ ಒಂದು ಪಾದ ಉಳಿದಿದೆ ಮಗಳೇ. ಜೋಡಿ ಇಲ್ಲ."

"ಇದ್ದದ್ದು ಕೊಡಮ್ಮ. ಸಾಕು."

ಏಡಿ ಅಡ್ಡಡ್ಡ ನಡೆದು ಬಂದು ನಕ್ಕಿತು. "ಮೂಳೆ ಇಲ್ಲ, ಚಿಪ್ಪಿಲ್ಲ, ಹಲ್ಲಿಲ್ಲ. ಒಂಟಿ ಕಾಲಲ್ಲಿ ಸಂಸಾರ ಮಾಡ್ತಾಳಂತೆ!"

"ನಿನಗೆ ಇಷ್ಟು ಕಾಲಿದ್ದೂ ನೆಟ್ಟಗೆ ನಡೆಯಲಿಕ್ಕೆ ಬರುದಿಲ್ಲ," ಎಂದು ಹೂವು ತನ್ನ ದಾರಿ ಹಿಡಿಯಿತು.

ಇಲ್ಲಿ ಪ್ರಾಪ್ತಿ ನಕ್ಕಳು. ತೊಟ್ಟಿಯಲ್ಲಿ ಹೂವು ಗಾಜಿನ ಮೇಲೆ ಇನ್ನೂ ಒಂದು ಗೇಣು ಮುಂದೆ ಸರಿಯಿತು. ಡೆನ್ಜಿಲ್ ಚಹಾದ ಲೋಟ ಕೆಳಗಿಟ್ಟು ಗಡಿಯಾರ ನೋಡಿದರು.

ಹೂವು ಮೊದಲು ಮರಳಿನ ಹತ್ತಿರ ಹೋಯಿತು. "ಕೂರಲಾ?"

"ಕೂರು," ಎಂದಿತು ಮರಳು. "ಆದರೆ ಇವತ್ತು ನಾನು ಇಲ್ಲಿ, ನಾಳೆ ಎಲ್ಲಿಯೋ. ಅಲೆ ಕರೆದ ಕಡೆ ಹೋಗುವವಳು."

ಹೂವು ಕೈಮುಗಿದು ಮುಂದೆ ಹೋಯಿತು.

ಹವಳದ ಹತ್ತಿರ ಹೋಯಿತು. "ಕೂರಲಾ?"

"ಬೆಳಕು ಬೇಕಷ್ಟು ಉಂಟು," ಎಂದಿತು ಹವಳ. "ಆದರೆ ಮಗ್ಗುಲು ತಿರುಗಬೇಡ, ಕೈ ಚಾಚಬೇಡ, ನನ್ನನ್ನು ಮುಟ್ಟಬೇಡ."

ಹೂವು ಕೈಮುಗಿದು ಮುಂದೆ ಹೋಯಿತು.

ಮರುವಾಯಿಯ ಹತ್ತಿರ ಹೋಯಿತು. ಮರುವಾಯಿ ಚಿಪ್ಪು ತೆರೆದು ಮೇಲಿಂದ ಕೆಳಗೆ ನೋಡಿತು. "ಪಾಪ. ನಮ್ಮ ಹಿತ್ತಲಲ್ಲಿ ಕತ್ತಲೆ ಮೂಲೆ ಒಂದುಂಟು. ಬಿದ್ದುಕೋ. ನೆಂಟರು ಬಂದಾಗ ಎದುರಿಗೆ ಬರಬೇಡ. ನಾವು ಉಂಡು ಉಳಿದದ್ದು ಹಾಕ್ತೇವೆ."

ಅಷ್ಟು ಹೇಳಿದ್ದಕ್ಕೂ ಹೂವು ಕೈಮುಗಿಯಿತು. ಆದರೆ ಕೂರಲಿಲ್ಲ. ಬಿದ್ದುಕೊಳ್ಳುವುದು ಬೇರೆ, ಕೂರುವುದು ಬೇರೆ.

ನಡೆದು ನಡೆದು ಅವಳ ಪಾದ ಸವೆಯಿತು. ಬಣ್ಣ ಬಾಡಿತು. ಕೊನೆಗೆ ಒಂದು ಬಂಡೆ ಸಿಕ್ಕಿತು. ಮುದಿ ಬಂಡೆ, ನಡುವೆ ಬಿರುಕು ಬಿಟ್ಟಿತ್ತು. ಒಡಕು ಬಂಡೆ ಎಂದು ಯಾರೂ ಅದರ ಹತ್ತಿರ ಮನೆ ಮಾಡುತ್ತಿರಲಿಲ್ಲ.

"ಕೂರಲಾ?" ಎಂದು ಕೇಳಲು ಹೂವು ಬಾಯಿ ತೆರೆಯಿತು.

"ಮೊದಲು ನೀರು ಕುಡಿ," ಎಂದಿತು ಬಂಡೆ. "ಮಾತು ಮತ್ತೆ."

ಬಿರುಕಿನ ಒಳಗಿನ ನೀರು ಹೊರಗಿನದಕ್ಕಿಂತ ಬೇರೆ. ತಂಪು, ಹಳೆಯದು. ಬಂಡೆ ಅದನ್ನು ತೊಟ್ಟು ತೊಟ್ಟಾಗಿ ಬಿಟ್ಟಿತು. ಹೂವು ಸ್ವಲ್ಪ ಕುಡಿಯಿತು, ಸುಧಾರಿಸಿಕೊಂಡಿತು, ಮತ್ತೆ ಸ್ವಲ್ಪ ಕುಡಿಯಿತು. ಬಂಡೆ ಯಾರ ಮಗಳು ಎಂದು ಕೇಳಲಿಲ್ಲ. ಎಲ್ಲಿಂದ ಬಂದೆ, ಎಷ್ಟು ದಿನ ಇರ್ತೀ ಎಂದೂ ಕೇಳಲಿಲ್ಲ.

"ಯಾಕೆ ಕೇಳಲಿಲ್ಲ ಅಜ್ಜಿ?"

ಕೊಡುವವರು ಕೇಳುವುದಿಲ್ಲ ಮಗಾ. ನಾನು ಮೊದಲ ಸಲ ಮಾರ್ಕೆಟಿಗೆ ಬುಟ್ಟಿ ಹೊತ್ತು ಹೋದ ದಿನ ಕೂರಲು ಜಾಗ ಇರಲಿಲ್ಲ. ಎಲ್ಲರೂ ಗೋಣಿ ಅಗಲ ಮಾಡಿ ಕೂತರು. ಅಕ್ಕು ಅನ್ನುವ ಒಬ್ಬ ಮುದುಕಿ ಮಾತ್ರ ತನ್ನ ಗೋಣಿಯನ್ನು ಅರ್ಧ ಮಡಚಿದಳು. "ಕೂರು, ಮೊದಲು ಬೆವರು ಒರೆಸಿಕೋ" ಅಂದಳು. ಅಷ್ಟೇ ಅಂದದ್ದು. ಆ ಅರ್ಧ ಗೋಣಿಯ ಜಾಗದಿಂದ ನಾನು ಈ ಮನೆ ಕಟ್ಟಿದೆ. ಇವತ್ತಿಗೂ ದೀಪ ಹಚ್ಚುವಾಗ ಅವಳ ಹೆಸರು ಹೇಳುತ್ತೇನೆ.

ಹಾಗೆ ನೀರು ಕುಡಿದು ಹೂವು ತನ್ನ ಪಾದವನ್ನು ಬಿರುಕಿಗೆ ಇಳಿಸಿತು. ಹಿಡಿತ ಸಿಕ್ಕಿತು. ಮುಖ ಮೇಲೆ ಬೆಳಕಿಗೆ ಬಂತು. ಮೈ ಅರಳಿತು. ಬಂಡೆಗೂ ಹಿತವಾಯಿತು, ಅಷ್ಟು ಕಾಲ ಖಾಲಿಯಿದ್ದ ಗಾಯಕ್ಕೆ ಯಾರೋ ಕೈ ಇಟ್ಟ ಹಾಗೆ.

ಆದರೆ ಜಾಗ ಸಿಕ್ಕಿದ ಕೂಡಲೇ ಬದುಕು ಸುಲಭವಾಗುತ್ತದೆಯೇ? ಚಿಟ್ಟೆಮೀನುಗಳು ಬಂದವು. ಹೂವಿನ ಬೆರಳುಗಳನ್ನು ಒಂದೊಂದಾಗಿ ಕಚ್ಚಿ ತಿಂದವು. ಓಡಲು ಹೂವಿಗೆ ರೆಕ್ಕೆಯಿಲ್ಲ, ಮುಚ್ಚಿಕೊಳ್ಳಲು ಚಿಪ್ಪಿಲ್ಲ.

ಹೂವು ಕಡಲಮ್ಮನನ್ನು ಕರೆಯಿತು. "ಅಮ್ಮಾ, ಈ ಜಾಗ ಬಿಟ್ಟು ಹೋಗಲಾರೆ. ನನಗೆ ಮುಳ್ಳು ಬೇಕು."

"ಬುಟ್ಟಿ ಖಾಲಿ ಮಗಳೇ. ಒಂದು ಕೊಡಬೇಕಾದರೆ ಒಂದು ಹಿಂದೆ ತೆಗೆದುಕೊಳ್ಳಬೇಕು. ಪಾದ ಕೊಡುತ್ತೀಯಾ?"

"ಪಾದ ಕೊಟ್ಟರೆ ಜಾಗ ಹೋಯಿತು. ಕಣ್ಣು ತಗೋ."

"ಯೋಚನೆ ಮಾಡು. ಮತ್ತೆ ಬೆಳಕು ಬಿದ್ದರೂ ನಿನಗೆ ಕಾಣುವುದಿಲ್ಲ."

"ಮೈಗೆ ಬಿಸಿ ತಾಗುತ್ತದಲ್ಲ, ಸಾಕು."

ಕಡಲಮ್ಮ ಎರಡು ಕಣ್ಣು ತೆಗೆದುಕೊಂಡು, ಪ್ರತಿ ಬೆರಳಿಗೂ ಕಾಣದಷ್ಟು ಸಣ್ಣ ಮುಳ್ಳುಗಳನ್ನು ಕೊಟ್ಟಳು. ಉರಿ ಹತ್ತಿಸುವ ಮುಳ್ಳು. ಚಿಟ್ಟೆಮೀನುಗಳು ಬಂದವು, ಬಾಯಿ ಸುಟ್ಟುಕೊಂಡು ಹೋದವು. ಹೂವು ನೆಮ್ಮದಿಯಿಂದ ಕೈ ಚಾಚಿತು.

ಮರುದಿನ ಒಂದು ಸಿಗಡಿ ಮಾತನಾಡಿಸಲು ಬಂತು. ಅದೂ ಸುಟ್ಟುಕೊಂಡು ಹೋಯಿತು. ಯಾರು ಕಚ್ಚಲು ಬಂದವರು, ಯಾರು ಕುಶಲ ಕೇಳಲು ಬಂದವರು, ಕಣ್ಣಿಲ್ಲದವಳಿಗೆ ಹೇಗೆ ಗೊತ್ತಾಗಬೇಕು? ಮೆಲ್ಲಮೆಲ್ಲನೆ ಅವಳ ಸುತ್ತಮುತ್ತ ಯಾರೂ ಬಾರದಾದರು. ಜಾಗ ಇತ್ತು, ಬೆಳಕಿತ್ತು, ಮಾತನಾಡಲು ಜನ ಇರಲಿಲ್ಲ. ಬಂಡೆಗಾದರೂ ವಯಸ್ಸಾಗಿತ್ತು, ಹೆಚ್ಚು ಹೊತ್ತು ನಿದ್ದೆ.

ಹೀಗಿರುವಾಗ ಒಂದು ಮಧ್ಯಾಹ್ನ ಪುಟ್ಟ ಕಿತ್ತಳೆ ಮೀನೊಂದು ಓಡೋಡಿ ಬಂತು. ಈಜು ಅಷ್ಟಕ್ಕಷ್ಟೆ, ಹೆಂಗಸರು ಬಕೆಟ್ ಹಿಡಿದು ಓಡುವ ಹಾಗೆ ಅತ್ತಿತ್ತ ತೂಗಾಡುತ್ತ ಈಜುವುದು. ಹಿಂದಿನಿಂದ ಹೊಟ್ಟೆಬಾಕ ಮುರುಮೀನು ಬರುತ್ತಿತ್ತು. ಕಿತ್ತಳೆ ಮೀನು ಬಿರುಕಿನ ಅಡಿಗೆ ನುಸುಳಿತು. ಮುರುಮೀನಿನ ದಪ್ಪ ತಲೆ ಒಳಗೆ ಹೋಗಲಿಲ್ಲ. ಅದು ಹೊರಗೇ ಕಾದು ಕೂತಿತು. "ಹಸಿವಾದಾಗ ಹೊರಗೆ ಬರ್ತೀಯಲ್ಲ ಕಂದಾ. ನನಗೆ ಅವಸರ ಇಲ್ಲ."

ಮೀನು ಹೂವಿನ ಪಾದದ ಹತ್ತಿರ ನಡುಗುತ್ತ ಕೇಳಿತು. "ಅಕ್ಕಾ, ನಿಮ್ಮ ಮಡಿಲಿಗೆ ಬರಲಾ?"

"ಬರಬೇಡ ಮಾರಾಯ. ನನ್ನ ಕೈ ತಾಗಿದರೆ ಉರಿದು ಹೋಗ್ತೀ. ನನಗೆ ಕಾಣುದಿಲ್ಲ. ನೀನು ಯಾರು, ಮುರುಮೀನು ಯಾರು, ನನ್ನ ಮುಳ್ಳಿಗೆ ಗೊತ್ತಿಲ್ಲ."

"ಗೊತ್ತಾಗುವ ಹಾಗೆ ಮಾಡಲಿಕ್ಕೆ ಆಗುದಿಲ್ಲವಾ?"

ಹೂವಿಗೆ ತಾನು ಇಲ್ಲಿಗೆ ಬಂದ ದಿನದ ನೆನಪಾಯಿತು. ಆ ದಿನ ಬಂಡೆ ನೀರನ್ನು ಒಮ್ಮೆಲೇ ಸುರಿದಿದ್ದರೆ ತಾನು ಉಳಿಯುತ್ತಿರಲಿಲ್ಲ.

"ಹಾಗಾದರೆ ಹೀಗೆ ಮಾಡು," ಎಂದಿತು ಹೂವು. "ಮುಖ ತರಬೇಡ. ಮೊದಲು ಬಾಲದ ತುದಿ ಮಾತ್ರ ತಾಗಿಸು. ಉರಿದರೆ ಹಿಂದೆ ಹೋಗು. ತಡೆದುಕೊಂಡು ಮತ್ತೆ ಬಾ."

ಮೀನು ಬಾಲದ ತುದಿ ತಾಗಿಸಿತು. "ಅಯ್ಯಯ್ಯೋ!" ಹಿಂದೆ ಹೋಯಿತು. ಮತ್ತೆ ಬಂತು. ಬಾಲ ಒರೆಸಿತು. ಹಿಂದೆ ಹೋಯಿತು. ಮತ್ತೆ ಬಂತು. ಹೊಟ್ಟೆಯ ಬದಿ ಒರೆಸಿತು. ಹೂವಿನ ಮೈಯ ಲೋಳೆ ಅದರ ಮೈಗೆ ಹತ್ತಿಕೊಂಡಿತು. ಪ್ರತಿ ಸಲವೂ ಉರಿ ಸ್ವಲ್ಪ ಕಡಿಮೆ. ಪ್ರತಿ ಸಲವೂ ಹೂವಿನ ಬೆರಳು ಅದನ್ನು ಸ್ವಲ್ಪ ಹೆಚ್ಚು ಗುರುತು ಹಿಡಿಯಿತು. ಇದು ಕಚ್ಚುವ ಮೈ ಅಲ್ಲ, ನಡುಗುವ ಮೈ. ಇದು ನಮ್ಮ ಮನೆಯದೇ.

ಹೊರಗೆ ಮುರುಮೀನಿಗೆ ನಗು ತಡೆಯಲಿಲ್ಲ. "ಕುಣಿ ಕುಣಿ. ಕುಣಿದ ಮೀನಿಗೆ ರುಚಿ ಹೆಚ್ಚು."

ಸಂಜೆಯ ಹೊತ್ತಿಗೆ ಕಿತ್ತಳೆ ಮೀನು ಹೂವಿನ ಮಡಿಲಿಗೆ ಹಾರಿತು. ಮುರುಮೀನು ಬಾಯಿ ತೆರೆದು ಅದರ ಹಿಂದೆಯೇ ನುಗ್ಗಿತು. ಹೂವು ನೂರು ಕೈಯಲ್ಲೂ ತಬ್ಬಿಕೊಂಡಿತು. ಒಬ್ಬರನ್ನು ಕಾಯಲು, ಒಬ್ಬರನ್ನು ಸುಡಲು. ಮುರುಮೀನಿನ ಅರಚಾಟಕ್ಕೆ ಬಂಡೆ ನಿದ್ದೆಯಿಂದ ಎದ್ದಿತು. "ಎಂತ ಗಲಾಟೆ?"

"ನೆಂಟರು ಹೊರಟರು," ಎಂದಿತು ಹೂವು.

ಕಿತ್ತಳೆ ಮೀನು ಹೂವಿನ ನಡುವಿನಿಂದ ತಲೆ ಎತ್ತಿ ಹೇಳಿತು. "ಅಕ್ಕಾ, ನಿಮ್ಮ ಋಣ ತೀರಿಸಲು ನನ್ನಲ್ಲಿ ಇರುವುದು ಕಣ್ಣು ಮಾತ್ರ. ಇನ್ನು ಮೇಲೆ ನಿಮ್ಮ ಕಣ್ಣು ನಾನು. ಯಾರು ಬಂದರು, ಯಾರು ಹೋದರು, ನಾನು ನೋಡ್ತೇನೆ. ಸಿಕ್ಕಿದ ತುತ್ತನ್ನು ನಿಮ್ಮ ಬಾಯಿಗೆ ತಂದು ಕೊಡ್ತೇನೆ."

"ಕಡಲು ದೊಡ್ಡದುಂಟು," ಎಂದಿತು ಹೂವು. "ನಿನಗೆ ತಿರುಗಬೇಕು ಅಂತ ಅನಿಸುದಿಲ್ಲವಾ?"

"ಅನಿಸುತ್ತದೆ. ಆದರೆ ಕಣ್ಣು ಮೈ ಬಿಟ್ಟು ದೂರ ಹೋಗಲಿಕ್ಕೆ ಆಗ್ತದಾ?"

ಕಥೆ ಅಲ್ಲಿಗೆ ನಿಲ್ಲಿಸಿದೆ. ಡೆನ್ಜಿಲ್ ಎದ್ದು ನಿಂತಿದ್ದರು. ಹವಳದ ತುಂಡುಗಳು ಮುದುಡತೊಡಗಿದ್ದವು. ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ನಮ್ಮ ಹೂವು ಮೋಟರಿನ ಬಲೆಯ ಅಂಚಿಗೆ ಬಂದಿತ್ತು.

"ವಾರಿಜಕ್ಕ, ಇನ್ನು ಕಾಯಲಿಕ್ಕೆ ಆಗುದಿಲ್ಲ. ಒಂದು ಹೂವಾ, ಇಡೀ ತೊಟ್ಟಿಯಾ, ಹೇಳಿ."

ನನ್ನ ಕೈ ಸ್ವಿಚ್ಚಿನ ಮೇಲಿತ್ತು. ಪ್ರಾಪ್ತಿ ತನ್ನ ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿ ಹಿಡಿದು, ಗಾಜಿನ ಹತ್ತಿರ ಮುಖ ತಂದು ಮೆಲ್ಲಗೆ ಹೇಳಿದಳು. "ನಿನಗೆ ಬೇಕಾದಲ್ಲಿ ಕೂರು. ನನ್ನ ಕಲ್ಲು ಬೇಡದಿದ್ದರೆ ಬೇಡ."

ಹೂವು ಬಲೆಯನ್ನು ಒಂದು ಬೆರಳಿನಿಂದ ಮುಟ್ಟಿತು. ಹಿಡಿತ ಸಿಗಲಿಲ್ಲವೋ, ರುಚಿ ಹಿಡಿಸಲಿಲ್ಲವೋ. ಬೆರಳು ಹಿಂದೆ ಬಂತು. ಮೈ ವಾಲಿತು. ಪಾದ ಗಾಜಿನಿಂದ ಬಂಡೆಗೆ ದಾಟಿತು. ಬಂಡೆಯ ಬೆನ್ನ ಹಿಂದೆ, ನಾವು ಯಾರೂ ಗಮನಿಸದ ಒಂದು ಸೀಳು ಇತ್ತು. ಹೂವು ಅದರೊಳಗೆ ಪಾದ ಇಳಿಸಿ, ಒಮ್ಮೆ ಪೂರ್ತಿ ಮುದುಡಿ, ಮತ್ತೆ ಅರಳಿತು.

ನಾನು ಮೋಟರನ್ನು ಸಣ್ಣಗೆ ಬಿಟ್ಟೆ. ಹೂವು ಬಾಗಿತು, ಪಾದ ಬಿಡಲಿಲ್ಲ. ಪೂರ್ತಿ ಬಿಟ್ಟೆ. ಬಿಡಲಿಲ್ಲ. ಡೆನ್ಜಿಲ್ ಕುರ್ಚಿಗೆ ಕುಸಿದು, ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದರು. ಅವರಿಗೆ ಹೇಗೆ ಕೃತಜ್ಞತೆ ಹೇಳುವುದೆಂದು ತಿಳಿಯದೆ, ಮನೆಯಲ್ಲಿದ್ದ ಒಣ ಸಿಗಡಿಯನ್ನೆಲ್ಲ ಕಟ್ಟಿ ಕೊಟ್ಟೆ.

ಮರುದಿನ ಬೆಳಿಗ್ಗೆ ಪ್ರಾಪ್ತಿ ಕೂಗಿದಳು. "ಅಜ್ಜೀ, ಬಾಲ ಮೊದಲು! ಬಾಲ ಮೊದಲು!"

ಎರಡರಲ್ಲಿ ಒಂದು ಕಿತ್ತಳೆ ಮೀನು ಹೂವಿನ ಬಳಿ ಹಿಮ್ಮುಖವಾಗಿ ಬಂದು ಬಾಲ ತಾಗಿಸುತ್ತಿತ್ತು, ಸರಕ್ಕನೆ ದೂರ ಸರಿಯುತ್ತಿತ್ತು, ಮತ್ತೆ ಬರುತ್ತಿತ್ತು. ಲೋಕ ಹೊಸದಿದ್ದಾಗ ಆದ ಆ ಪರಿಚಯವೇ ಇವತ್ತಿಗೂ ನಡೆಯುತ್ತಿದೆ: ಅದಕ್ಕೇ ಹೊಸ ಕಡಲಹೂವು ನಾವು ಕೊಟ್ಟ ಕಲ್ಲಿನಲ್ಲಿ ಕೂರದೆ ನಡೆದು ನಡೆದು ತನ್ನ ಬಿರುಕು ಹುಡುಕುತ್ತದೆ, ಅದಕ್ಕೇ ಕಿತ್ತಳೆ ಮೀನು ಅದರ ಮಡಿಲಿಗೆ ಕುಣಿದು ಕುಣಿದು ಹೋಗುತ್ತದೆ, ಹೋದ ಮೇಲೆ ಬಿಟ್ಟು ದೂರ ಹೋಗುವುದಿಲ್ಲ.

ಚಾವಡಿಯಲ್ಲಿ ಕೂತ ನೆಂಟರಿಗೆ ಈಗ ಕಾಣುವುದು ಬಂಡೆ ಮಾತ್ರ. ಹೂವು ಕಾಣುವುದು ಅಡುಗೆಮನೆಯಿಂದ, ಪಾತ್ರೆ ತೊಳೆಯುವ ಜಾಗದಲ್ಲಿ ನಿಂತವಳಿಗೆ. ನನ್ನ ಹತ್ತಿರ ಈಗ ಒಂದು ಸಣ್ಣ ಕಡಲು ಉಂಟು, ಅದರಲ್ಲಿ ತಾನಾಗಿ ಕೂತ ಒಂದು ಹೂವು ಉಂಟು. ಆ ಕಡಲನ್ನು ಕಾಯಲಿಕ್ಕೆ, ತೊಟ್ಟಿ ಬಂದ ದಿನದಿಂದ ನಾನು ಒಂದು ರಾತ್ರಿಯೂ ಬೇರೆ ಮನೆಯಲ್ಲಿ ಮಲಗಿಲ್ಲ. ಸುಮತಿಯ ಮಗನ ಮದುವೆಯಲ್ಲೂ ಊಟ ಮುಗಿಸಿ ಕೊನೆಯ ಬಸ್ಸು ಹಿಡಿದು ಬಂದವಳು ನಾನು.